ಯಾರ ಮನೆಗೆ ಬಂದ್ರಿ ಸಾಮಿ?

ಭಾನುವಾರ ಬೆಳಗ್ಗೆ ಚಿಕ್ಕಬಳ್ಳಾಪುರದ ಕಡೆಯ ಯಾವುದಾದರೂ ಕೆರೆಕಟ್ಟೆಯ ಮೇಲೆ ಟೋಪಿ, ಬೂಟು, ಬೆನ್ನಿಗೊಂದು ಚೀಲ ಹಾಕಿಕೊಂಡ ಹತ್ತು ಹನ್ನೆರಡು ಮಂದಿ ಸಾಲಾಗಿ ನಡೆದು ಬಂದರೆ ಊರಿನವರಿಗೆ ಹುಟ್ಟುವ ಮೊದಲ ಅನುಮಾನ, ಸೈಟು ನೋಡೋಕೆ ಬಂದೋರು ಅಂತ. ಎರಡನೆಯದು, ಒತ್ತುವರಿ ಸರ್ವೆಯವರು ಅಂತ. ಮೊದಲನೆಯವರಾದರೆ ಕುರ್ಚಿ ಹಾಕಬೇಕು. ಎರಡನೆಯವರಾದರೆ ತೋಟದ ಕಡೆ ಕೆಲಸ ಇದೆ ಎಂದು ಜಾಗ ಖಾಲಿ ಮಾಡಬೇಕು. ಯಾವುದಕ್ಕೂ ಖಾತ್ರಿ ಮಾಡಿಕೊಳ್ಳೋಣವೆಂದು ಅರಳಿಕಟ್ಟೆಯ ತಾತ ಕೇಳುತ್ತಾರೆ:

"ಯಾರ ಮನೆಗೆ ಬಂದ್ರಿ ಸಾಮಿ?"

"ಯಾರ ಮನೆಗೂ ಇಲ್ಲ ತಾತ. ಸುಮ್ನೆ ನಡೆಯೋಕೆ ಬಂದ್ವಿ."

"ಎಲ್ಲಿಂದ?"

"ಬೆಂಗಳೂರಿಂದ."

"ನಡ್ಕೊಂಡೇ?"

"ಇಲ್ಲ ತಾತ, ಕಾರಲ್ಲಿ."

ಹೆಚ್ಚುಕಡಿಮೆ ಅರವತ್ತು ಕಿಲೋಮೀಟರ್ ಕಾರಲ್ಲಿ ಕೂತು ಬಂದು ಎರಡು ಕಿಲೋಮೀಟರ್ ನಡೆಯುವವರ ಲೆಕ್ಕ ತಾತನಿಗೆ ಹತ್ತುವುದಿಲ್ಲ. ಅದಕ್ಕೆ ತಲೆಗಿಷ್ಟು ಎಂದು ದುಡ್ಡನ್ನೂ ಕಟ್ಟಿದ್ದಾರೆಂದು ಗೊತ್ತಾದರಂತೂ ಪಕ್ಕದಲ್ಲಿದ್ದವರ ಕಡೆ ತಿರುಗಿ ತೆಲುಗಿನಲ್ಲಿ ಏನೋ ಅನ್ನುತ್ತಾರೆ. ಈ ಸೀಮೆಯಲ್ಲಿ ಬಂದವರಿಗೆ ಕನ್ನಡ, ಬಂದವರ ಬಗ್ಗೆ ತೆಲುಗು. ಗುಂಪು ಅದನ್ನು ಶುಭಹಾರೈಕೆ ಎಂದುಕೊಂಡು ಕೈಮುಗಿದು ಮುಂದೆ ಹೋಗುತ್ತದೆ.

ಊರು ನೋಡುವ ನಡಿಗೆಗಳು ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ಸುತ್ತಿ ಮುಗಿಸಿ ಈಗ ಹಳ್ಳಿಯ ದಾರಿ ಹಿಡಿದಿವೆ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ನೆಂಟರ ಕೊರತೆ ಯಾವತ್ತೂ ಇರಲಿಲ್ಲ. ನಂದಿಬೆಟ್ಟದ ಮೋಡ, ಸ್ಕಂದಗಿರಿಯ ಸೂರ್ಯೋದಯ, 2023ರ ಜನವರಿಯಿಂದ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ. ಅಲ್ಲೆಲ್ಲ ಪಾರ್ಕಿಂಗ್ ಸಿಗದೆ ಬೇಸತ್ತವರು ಕೆರೆಯಂಗಳದ ಊರುಗಳನ್ನು ಕಂಡುಹಿಡಿದಿದ್ದಾರೆ. ಕಂಡುಹಿಡಿದಿದ್ದಾರೆ ಎಂದು ಹೇಳುವವರು ಅವರೇ. ಊರಿನವರಿಗೆ ಊರು ಕಳೆದುಹೋಗಿದ್ದ ನೆನಪಿಲ್ಲ.

ನಡಿಗೆಯ ವಿಷಯದಲ್ಲಿ ಈ ನೆಲಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ 1935ರಲ್ಲಿ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಬೆಂಗಳೂರಿಗೆ ಹೊರಟ. ಕೈಯಲ್ಲಿ ಕಾಸಿಲ್ಲ. ಸುಮಾರು 85 ಕಿಲೋಮೀಟರನ್ನು ಎರಡು ದಿನ ನಡೆದೇ ಮುಗಿಸಿದ. ಆತನೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ, 'ಹೋರಾಟದ ಹಾದಿ' ಎಂಬ ಆತ್ಮಕಥೆ ಬರೆದ ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್. ಆ ನಡಿಗೆಗೆ ಗೈಡ್ ಇರಲಿಲ್ಲ, ಮಧ್ಯೆ ಎಳನೀರಿನ ವ್ಯವಸ್ಥೆಯೂ ಇರಲಿಲ್ಲ. ಚಿಂತಾಮಣಿ ಕಡೆಯ ಕೈವಾರದ ತಾತಯ್ಯ ಯೋಗಿ ನಾರೇಯಣರು ಯೋಗಿಯಾಗುವ ಮೊದಲು ಬಳೆ ಮಲಾರ ಹೊತ್ತು ಊರೂರು ತಿರುಗಿದವರು. ಅವರನ್ನು ಕಂಡಾಗ ಯಾರ ಮನೆಗೆ ಎಂದು ಕೇಳುವ ಅಗತ್ಯವಿರಲಿಲ್ಲ, ಎಲ್ಲರ ಮನೆಗೂ.

ಊಟ ಸಮೇತ ಊರು ಸುತ್ತುವ ಏರ್ಪಾಡಿಗೂ ಕೈವಾರವೇ ಮೂಲ. ಮಹಾಭಾರತದ ಏಕಚಕ್ರಪುರ ಇದೇ ಎಂಬುದು ಅಲ್ಲಿನವರ ನಂಬಿಕೆ. ವೇಷ ಮರೆಸಿಕೊಂಡ ಪಾಂಡವರು ಹಗಲೆಲ್ಲ ಬೀದಿ ಬೀದಿ ನಡೆದು ಭಿಕ್ಷೆ ಎತ್ತುತ್ತಿದ್ದರು, ಬಂದದ್ದರಲ್ಲಿ ಅರ್ಧ ಭೀಮನಿಗೆ. ಅದೂ ಸಾಲದೆ ಆತ ಬಕಾಸುರನ ಬಂಡಿಯ ಅನ್ನವನ್ನೂ ದಾರಿಯಲ್ಲೇ ಮುಗಿಸಿದ. ಇಂದಿಗೂ ಅಲ್ಲಿ ಭೀಮಲಿಂಗೇಶ್ವರನಿಗೆ ಪೂಜೆ ನಡೆಯುತ್ತದೆ. ಈಗಿನ ಗುಂಪುಗಳಲ್ಲೂ ಎರಡನೇ ಮುದ್ದೆ ಹಾಕಿಸಿಕೊಂಡು, ಹಿತಕಿದ ಬೇಳೆ ಸಾರು ಇನ್ನೂ ಇದೆಯಾ ಎಂದು ಕೇಳುವ ಭೀಮ ಒಬ್ಬನಾದರೂ ಇರುತ್ತಾನೆ.

ಶಿಡ್ಲಘಟ್ಟದ ಕಡೆಗೆ ಬಂದರೆ ನಡಿಗೆಯ ಪಟ್ಟಿಯಲ್ಲಿ ಹುಳು ಮನೆ ಇರಲೇಬೇಕು. ನಗರದವರು ಹೊರಗೆ ಓಡಾಡುವ ಮುನ್ನ ಮೈಗೆಲ್ಲ ಸೊಳ್ಳೆ ಮುಲಾಮು ಬಳಿದುಕೊಂಡಿರುತ್ತಾರೆ, ಮೇಲೊಂದಿಷ್ಟು ಸೆಂಟು. ರೇಷ್ಮೆ ಹುಳುವಿಗೆ ಇಷ್ಟೆಲ್ಲ ತಡೆಯುವ ತಾಕತ್ತಿಲ್ಲ. ಸೊಳ್ಳೆಯನ್ನು ಓಡಿಸುವ ಮದ್ದು ಅದರ ಪ್ರಾಣಕ್ಕೇ ಬರಬಹುದು. ಸೋಂಕು ಬರಬಾರದೆಂದು ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಉದುರಿಸಿ ಕಾಯುವ ರೈತ, ಬೆಂಗಳೂರಿನಿಂದ ಬಂದ ಅಷ್ಟೂ ಜನರನ್ನು ಹೊಸ್ತಿಲಾಚೆ ನಿಲ್ಲಿಸುತ್ತಾನೆ. "ಹುಳ ಜ್ವರಕ್ಕೆ ಕೂತವೆ, ಯಾರೂ ಒಳಗೆ ಬರಂಗಿಲ್ಲ" ಅಂದುಬಿಟ್ಟರೆ ಗುಂಪಿನಲ್ಲಿ ಗಾಬರಿ. ಯಾರೋ ಒಬ್ಬರು ಪ್ಯಾರಾಸಿಟಮಾಲ್ ಇದೆ ಎನ್ನುವವರೆಗೂ ಹೋಗಿರುತ್ತಾರೆ. ಹುಳು ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ಹೊಟ್ಟೆಬಾಕ ಹುಳು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲುಗದೆ ಕೂರುತ್ತದೆ. ಹೀಗೆ ನಾಲ್ಕು ಜ್ವರ. ನಾಲ್ಕನೆಯದರಿಂದ ಎದ್ದ ಮೇಲೆ ಅದರ ಹಸಿವಿಗೆ ಭೀಮನೂ ಸಮನಲ್ಲ. ಹುಟ್ಟಿನಿಂದ ತಿನ್ನುವ ಒಟ್ಟು ಸೊಪ್ಪಿನ ಬಹುಪಾಲನ್ನು ಆ ಕೊನೆಯ ಏಳೆಂಟು ದಿನದಲ್ಲೇ ತಿಂದು ಮುಗಿಸುತ್ತದೆ. ಆಗ ಮನೆಯವರಿಗೆ ಮದುವೆಯಿಲ್ಲ, ಜಾತ್ರೆಯಿಲ್ಲ, ಸರಿರಾತ್ರಿಯಲ್ಲೂ ಹಿಪ್ಪುನೇರಳೆ ಸೊಪ್ಪು ಹಾಕುವುದೊಂದೇ ಕೆಲಸ. ಆಮೇಲೆ ಹುಳು ಹಣ್ಣಾಗುತ್ತದೆ, ಮೈ ತಿಳಿಯಾಗಿ ಹೊಳೆಯುತ್ತದೆ. ಅಂಥವನ್ನು ಆಯ್ದು ಬಿದಿರಿನ ಚಂದ್ರಿಕೆಗೋ ಪ್ಲಾಸ್ಟಿಕ್ಕಿನ ನೇತ್ರಿಕೆಗೋ ಬಿಟ್ಟರೆ ಗೂಡು ಕಟ್ಟಲು ಶುರು.

ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತದೆ. ರಾಮನಗರ ಬಿಟ್ಟರೆ ರೇಷ್ಮೆ ಗೂಡಿಗೆ ಇದೇ ದೊಡ್ಡ ಪೇಟೆ. ಹರಾಜು ಈಗ ಮೊಬೈಲಿನಲ್ಲಿ ನಡೆಯುವುದರಿಂದ ಕೂಗಾಟದ ಫೋಟೋ ತೆಗೆಯಬೇಕೆಂದು ಬಂದವರಿಗೆ ನಿರಾಸೆ. ಗೂಡಿನ ರಾಶಿಯ ಮುಂದೆ ರೀಲರುಗಳು ತಲೆ ಬಗ್ಗಿಸಿ ಫೋನ್ ಒತ್ತುತ್ತಿರುತ್ತಾರೆ, ಥೇಟ್ ಮೆಟ್ರೋದಲ್ಲಿ ಕೂತವರಂತೆ. ಮುಂದಿನ ಬೀದಿಗಳಲ್ಲಿ ನೂಲು ಬಿಚ್ಚಾಣಿಕೆ. ಕುದಿಯುವ ನೀರಿನಲ್ಲಿ ಗೂಡು, ಗೂಡಿನೊಳಗೆ ಪ್ಯೂಪಾ, ಬೀದಿಯ ತುಂಬ ಅದರ ವಾಸನೆ. ಫೋಟೋದಲ್ಲಿ ವಾಸನೆ ಬರದಿರುವುದು ಶಿಡ್ಲಘಟ್ಟದ ಪ್ರವಾಸೋದ್ಯಮಕ್ಕೆ ಆಗಿರುವ ದೊಡ್ಡ ಉಪಕಾರ. ಮೂಗು ಮುಚ್ಚಿಕೊಂಡವರನ್ನು ಕಂಡು ರೀಲರುಗಳಿಗೆ ಬೇಸರವೇನಿಲ್ಲ. ಆ ಮೂಗು ಮುಚ್ಚಿದ್ದು ರೇಷ್ಮೆ ಸೀರೆಯ ಸೆರಗೇ ಆಗಿದ್ದರೆ ಮಾತ್ರ ಒಂದು ನಗೆ.

ಇನ್ನು ಕೆರೆ. ನಂದಿಬೆಟ್ಟದ ಸುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ ಎಂದು ನದಿಗಳ ಹೆಸರು ಹೇಳುತ್ತ ಹೋದರೆ ಬೆರಳು ಸಾಲದು, ಆದರೆ ವರ್ಷವಿಡೀ ಹರಿಯುವ ಒಂದೂ ಇಲ್ಲ. ಹಿಂದಿನವರು ಅದಕ್ಕೇ ಕೆರೆ ಕಟ್ಟಿದರು. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಅವು ನಾಲ್ಕು ಸಾವಿರಕ್ಕೂ ಹೆಚ್ಚು. ಒಂದರ ಕೋಡಿ ಹರಿದರೆ ಇನ್ನೊಂದಕ್ಕೆ, ಅದು ತುಂಬಿದರೆ ಮತ್ತೊಂದಕ್ಕೆ. ತೂಬು ಎತ್ತಿ ಗದ್ದೆಗೆ ಸರದಿಯಂತೆ ನೀರು ಬಿಡಲು ನೀರುಗಂಟಿ ಇರುತ್ತಿದ್ದ. ಕಾಲುವೆ ಮುಚ್ಚಿದವು, ಕೊಳವೆಬಾವಿ ಸಾವಿರ ಅಡಿ ದಾಟಿದವು, ಅಂಗಳದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು, ಜಾಲಿ ಇಲ್ಲದ ಕಡೆ ಹುಡುಗರು ಕ್ರಿಕೆಟ್ ಆಡಿದರು. ನೀರಿಗಾಗಿ ರೈತರು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿನತ್ತ ಹೊರಟದ್ದು 2016ರಲ್ಲಿ. ಎತ್ತಿನಹೊಳೆ ನೀರು ಬರುತ್ತದೆಂದು 2014ರಲ್ಲೇ ಶಂಕುಸ್ಥಾಪನೆ ಆಗಿತ್ತು. ಆ ನೀರು ಸಕಲೇಶಪುರದ ಕಡೆಯಿಂದ ಹೊರಡುವುದಕ್ಕೇ 2024ರ ಸೆಪ್ಟೆಂಬರ್ ಬೇಕಾಯಿತು. ನಿಧಾನದ ನಡಿಗೆ ಅಂದರೆ ಅದು.

ಹಾಗಿದ್ದೂ ಭಾನುವಾರದ ಗುಂಪು ಕಂದವಾರ ಕೆರೆಯ ಕಟ್ಟೆ ಹತ್ತಿದರೆ ಎದುರಿಗೆ ನೀರು. ಕೊಕ್ಕರೆ, ಮೀನಿನ ಬಲೆ, ಹಿಂದೆ ಬೆಟ್ಟದ ಸಾಲು. ಎಲ್ಲರೂ ಉದ್ದಕ್ಕೆ ಉಸಿರೆಳೆದುಕೊಂಡು, ಇಂಥ ನೀರು ನಮ್ಮ ಬೆಂಗಳೂರಿನಲ್ಲಿ ಎಲ್ಲಿದೆ ಎಂದು ನಿಟ್ಟುಸಿರು ಬಿಡುತ್ತಾರೆ. ಮೀನು ಹಿಡಿಯುವ ಹುಡುಗ ತಡೆಯಲಾರದೆ ಹೇಳಿಬಿಡುತ್ತಾನೆ, "ಅಣ್ಣಾ, ಇದು ನಿಮ್ದೇ."

ಅವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ. ಹೆಬ್ಬಾಳ ಮತ್ತು ನಾಗವಾರ ಕಣಿವೆಗಳಿಗೆ ಹರಿಯುವ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರ್ ಲೆಕ್ಕದಲ್ಲಿ ಪೈಪಿನಲ್ಲಿ ಮೇಲೆತ್ತಿ, 65 ಕೆರೆಗಳನ್ನು ತುಂಬಿಸುವ ಯೋಜನೆ ಇದು. ಹೆಸರು ಎಚ್.ಎನ್. ವ್ಯಾಲಿ. ಒಬ್ಬ ಎಚ್ಚೆನ್ ಇಲ್ಲಿಂದ ನಡೆದು ಹೋದರು, ಇನ್ನೊಂದು ಎಚ್ಚೆನ್ ಅಲ್ಲಿಂದ ಪೈಪಿನಲ್ಲಿ ಬಂತು. ಕೋಲಾರಕ್ಕೆ, ಚಿಂತಾಮಣಿಯ ಕೆಲವು ಕೆರೆಗಳಿಗೆ ಇದರ ಅಣ್ಣ ಕೆ.ಸಿ. ವ್ಯಾಲಿಯ ನೀರು. 2018ರಲ್ಲಿ ಅದು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಮೊದಲ ಬಾರಿ ಬಂದಾಗ ಜೊತೆಗೆ ನೊರೆಯನ್ನೂ ತಂದು, ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತ್ತು. ಈ ನೀರು ನೇರವಾಗಿ ಕುಡಿಯಲು ಅಲ್ಲ, ಅಂತರ್ಜಲ ಮರುಪೂರಣಕ್ಕೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂದು ಈ ಭಾಗದ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಕೇಳುವುದರಲ್ಲಿ ನ್ಯಾಯವಿದೆ. ಮನೆಗೆ ಬಂದ ನೆಂಟರಿಗೆ ಸ್ನಾನಕ್ಕೆ ನೀರು ಕಾಯಿಸಿಡುವುದು ಈ ಕಡೆಯ ಪದ್ಧತಿ. ನೆಂಟರೇ ತಮ್ಮ ಸ್ನಾನದ ನೀರನ್ನು ಮುಂಚಿತವಾಗಿ ಕಳುಹಿಸುವುದು ಹೊಸತು.

ಹುಡುಗನ ಮಾತು ಕೇಳಿದ ಮೇಲೆ ಉಸಿರೆಳೆಯುವುದು ಸ್ವಲ್ಪ ಕಡಿಮೆಯಾಗುತ್ತದೆ. ಕೆರೆಗೆ ಕಾಲು ಇಳಿಬಿಟ್ಟು ಕೂತಿದ್ದವರು ಮೆಲ್ಲಗೆ ಕಾಲು ಮೇಲೆಳೆದುಕೊಳ್ಳುತ್ತಾರೆ. ಮಧ್ಯಾಹ್ನದ ಊಟಕ್ಕೆ ಕೆರೆ ಮೀನಿನ ಸಾರು ಎಂದು ಹೆಸರು ಕೊಟ್ಟಿದ್ದವರಲ್ಲಿ ಇಬ್ಬರು ದಿಢೀರನೆ ಸಸ್ಯಾಹಾರಿಗಳಾಗುತ್ತಾರೆ.

ಸಂಜೆಗೆ ಹೊರಟರೆ ಹೆದ್ದಾರಿ 44ರಲ್ಲಿ ದೇವನಹಳ್ಳಿ ದಾಟುವವರೆಗೂ ಸುಖಪ್ರಯಾಣ. ನಂದಿಬೆಟ್ಟದವರು, ಆದಿಯೋಗಿಯವರು, ವಿಮಾನ ಇಳಿದು ಬಂದವರು ಎಲ್ಲರೂ ಒಟ್ಟಾಗಿ ಹೆಬ್ಬಾಳದ ಮೇಲ್ಸೇತುವೆಯ ಬುಡ ತಲುಪುತ್ತಾರೆ. ಮೈಗೆಲ್ಲ ಧೂಳು, ಬೂಟಿನಲ್ಲಿ ಕೆರೆಯ ಮಣ್ಣು, ಮನೆ ಮುಟ್ಟಿ ಒಂದು ಸ್ನಾನ ಮಾಡಿದರೆ ಸಾಕು ಅನ್ನಿಸಿರುತ್ತದೆ. ಕಾರು ಕದಲುವುದಿಲ್ಲ. ಆಚೆ ಪೈಪಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಹೊರಟ ನೀರಿಗೆ ಮಾತ್ರ ಸಿಗ್ನಲ್ ಇಲ್ಲ. ಇಳಿದು ನಡೆದರೆ ಬೇಗ ಹೋಗಬಹುದು ಎಂದು ಗುಂಪಿನಲ್ಲಿ ಒಬ್ಬರು ಹೇಳಿ ನೋಡುತ್ತಾರೆ. ಬೆಳಗ್ಗೆಯೇ ನಡೆದಾಗಿದೆಯಲ್ಲ ಎನ್ನುತ್ತಾರೆ ಉಳಿದವರು.