ಕೀಲೆಣ್ಣೆ

ಮೂವತ್ತನಾಲ್ಕು ವರ್ಷ ದೆಹಲಿಯ ಯಾವುದೋ ಒಂದು ‘ಭವನ’ದಲ್ಲಿ ಕೂತು ಸರ್ಕಾರಿ ಕಾರುಗಳ ಕಡತ ನೋಡಿದವನು ನಾನು. ‘ಡಿಫರೆನ್ಷಿಯಲ್ ಸದ್ದು ಮಾಡುತ್ತಿದೆ, ಬದಲಿಸಬಹುದು’ ಎಂದು ಕೆಳಗಿನವರು ಬರೆದರೆ, ‘ಬದಲಿಸಲೇಬೇಕೆ?’ ಎಂದು ಷರಾ ಹಾಕಿ ವಾಪಸು ಕಳಿಸುತ್ತಿದ್ದೆ. ಆ ಡಿಫರೆನ್ಷಿಯಲ್ ಅನ್ನುವುದು ಉಣ್ಣುವಂಥದೋ ಉಡುವಂಥದೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ಷರಾ ಇನ್ನೂ ಚೆನ್ನಾಗಿ ಬರುತ್ತದೆ. ನಿವೃತ್ತನಾದ ಮೇಲೆ ಆ ಕಡತಗಳ ಶಾಪವೆಲ್ಲ ಒಟ್ಟಾಗಿ ನನ್ನ ಮುಂಗೈಯಿಂದ ಮೊಣಕೈವರೆಗೆ ಹರಿದು ಬಂತು. ಅದೂ ಬೆಚ್ಚಗೆ.

ಕೊರೋನಾಕ್ಕೂ ಮುಂಚಿನ ಮಾತು. ದ್ವಾರಕಾದಲ್ಲಿ ನಮ್ಮ ಸೊಸೈಟಿಯ ಹಿಂಬದಿಯ ಹಳ್ಳಿಯಲ್ಲಿ ಒಬ್ಬ ಟೆಂಟ್‌ವಾಲಾ ಇದ್ದ. ಮದುವೆಗೆ ಶಾಮಿಯಾನ, ಕುರ್ಚಿ, ದೀಪ ಎಲ್ಲ ಅವನದೇ. ಅವನ ಹತ್ತಿರ ಒಂದು ದೊಡ್ಡ ಪಿಕಪ್ಪು. ಅದರ ಬಾಲಕ್ಕೆ ಆನೆಮರಿಯಂಥ ಜನರೇಟರ್ ಟ್ರಾಲಿ. ಈ ಕಡೆಯ ಮದುವೆ ದಿಬ್ಬಣ ನೋಡದವರಿಗೆ ಹೇಳಬೇಕು: ಮುಂದೆ ಬ್ಯಾಂಡು, ಎರಡೂ ಬದಿಯಲ್ಲಿ ತಲೆಯ ಮೇಲೆ ದೀಪ ಹೊತ್ತವರು, ನಡುವೆ ಕುಣಿಯುವ ನೆಂಟರು, ಕುದುರೆಯ ಮೇಲೆ ಮದುಮಗ, ಕಟ್ಟಕಡೆಗೆ ಇಷ್ಟಕ್ಕೂ ವಿದ್ಯುತ್ತು ಕೊಡುತ್ತ ಗುಡುಗುಡು ಅನ್ನುವ ಈ ಜನರೇಟರು. ಆಗ ಅವುಗಳ ಮೇಲೆ ಈಗಿನಷ್ಟು ಕಟ್ಟುಪಾಡು ಇರಲಿಲ್ಲ. ಒಮ್ಮೆ ರಾಮಕೃಷ್ಣಪುರದ ಕರ್ನಾಟಕ ಸಂಘಕ್ಕೆ ನಮ್ಮ ನಾಟಕದ ಸಿಂಹಾಸನವನ್ನು ಆ ಪಿಕಪ್ಪಿನಲ್ಲಿ ಬಿಟ್ಟಿಯಾಗಿ ಸಾಗಿಸಿದ್ದ ಪುಣ್ಯಾತ್ಮ. ಋಣ ಇತ್ತು ನೋಡಿ.

ಆ ವರ್ಷ ದೀಪಾವಳಿಯಾದ ಮೇಲೆ ಪಿಕಪ್ಪು ಹಿಂದಿನಿಂದ ಅಳತೊಡಗಿತು. ‘ಪೀಛೇ ಸೇ ರೋ ರಹೀ ಹೈ, ಬಾಬೂಜಿ’ ಎಂದ. ನಿಜಕ್ಕೂ ಅಳುವೇ, ಫ್ಲೈಓವರ್ ಏರುವಾಗ ಊಂ ಎಂದು, ಇಳಿಯುವಾಗ ಊಂಊಂ ಎಂದು. ಅವನ ಮಿಸ್ತ್ರಿ ಛಠ್ ಪೂಜೆಗೆ ಬಿಹಾರಕ್ಕೆ ಹೋಗಿದ್ದ. ಛಠ್ ಬಂತೆಂದರೆ ದೆಹಲಿಯ ಅರ್ಧ ಕೈಕಾಲು ರೈಲು ಹತ್ತಿಬಿಡುತ್ತದೆ. ಅದು ಮುಗಿದು ನಾಲ್ಕೈದು ದಿನಕ್ಕೇ ದೇವ್ ಉಠನಿ ಏಕಾದಶಿ. ನಾವು ನೆಲ್ಲಿಕೊಂಬೆ ನೆಟ್ಟು ತುಳಸಿ ಮದುವೆ ಮಾಡುವ ಉತ್ಥಾನ ದ್ವಾದಶಿ ಇದೆಯಲ್ಲ, ಅದರ ಹಿಂದಿನ ದಿನ. ನಾವು ತುಳಸಿಯ ಮದುವೆಗೆ ತೃಪ್ತಿಪಟ್ಟರೆ ಇವರು ಊರಿಗೆ ಊರನ್ನೇ ಮದುವೆ ಮಾಡಿಸುತ್ತಾರೆ. ಅಂದು ಸಂಜೆ ಏಳಕ್ಕೆ ಅವನಿಗೆ ಬಾಡಿಗೆ. ‘ಡಿಫರೆನ್ಷಿಯಲಿನ ಎಣ್ಣೆ ಬದಲಿಸಿದರೆ ಸಾಕು, ನಾನೇ ಮಾಡ್ತೀನಿ’ ಎಂದು ನನ್ನ ಬಾಯಿಯೇ ಹೇಳಿತು. ನನ್ನ ಬಾಯಿ ನನ್ನನ್ನು ಕೇಳಿ ಮಾತಾಡಿದ್ದು ಕಡಿಮೆ.

ಧೈರ್ಯಕ್ಕೆ ಕಾರಣ ನಮ್ಮಜ್ಜ. ತಿಪಟೂರಿನ ಕಡೆಯ ನಮ್ಮ ಊರಲ್ಲಿ ಅಜ್ಜನ ಎತ್ತಿನ ಗಾಡಿಯ ಅಡಿಯಲ್ಲಿ ಕೀಲೆಣ್ಣೆಯ ಬಿದಿರುಗೊಟ್ಟ ತೂಗಾಡುತ್ತಿತ್ತು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಮಾಡಿದ್ದು. ಸಂತೆಗೆ ಹೊರಡುವ ಮುನ್ನ ಕಡಾಣಿ ಕಿತ್ತು, ಗಾಲಿಯನ್ನು ಅಷ್ಟು ಈಚೆಗೆಳೆದು, ಅಚ್ಚಿಗೆ ಎರಡು ಬೆರಳು ಸವರಿದರೆ ಮುಗಿಯಿತು. ಆ ಬೆರಳನ್ನು ನನ್ನ ಅಂಗಿಗೆ ಒರೆಸುವುದು ಅಜ್ಜನ ತಮಾಷೆ. ಅಂಗಿಗೆ ಅದು ಆಜೀವ ಸದಸ್ಯತ್ವ. ಅದೇ ಕೆಲಸ ತಾನೇ ಇದೂ, ಸ್ವಲ್ಪ ದೊಡ್ಡದು, ಅಂದುಕೊಂಡೆ.

ಅಲ್ಲ. ಎತ್ತಿನ ಗಾಡಿಯ ಎರಡು ಗಾಲಿಗೂ ಒಂದಕ್ಕೊಂದು ಲೆಕ್ಕಾಚಾರವಿಲ್ಲ. ಎಳೆಯುವುದು ಎತ್ತು, ಗಾಲಿಗಳು ತಮ್ಮ ಪಾಡಿಗೆ ಉರುಳುತ್ತವೆ. ಮೋಟಾರು ಗಾಡಿಯಲ್ಲಿ ಗಾಲಿಯೇ ಎತ್ತು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಒಂದು ಇನ್ನೊಂದನ್ನು ನೆಲಕ್ಕೆ ಉಜ್ಜಿಕೊಂಡು ಹೋಗುತ್ತದೆ. ಒಬ್ಬ ಅಣ್ಣ ಆತುರಗಾರ, ಒಬ್ಬ ತಮ್ಮ ನಿಧಾನಿ ಇರುವ ಕೂಡು ಕುಟುಂಬದಲ್ಲಿ ನಡುವೆ ಅವ್ವ ಇರುತ್ತಾಳಲ್ಲ, ಇಬ್ಬರಿಗೂ ಸಮನಾಗಿ ಬಡಿಸಿ, ಅವರವರ ವೇಗಕ್ಕೆ ಬಿಟ್ಟು, ಮನೆ ಮುಂದೆ ಹೋಗುವಂತೆ ನೋಡಿಕೊಳ್ಳುವವಳು, ಅವಳೇ ಡಿಫರೆನ್ಷಿಯಲ್. ಉಗಿಗಾಡಿಯೊಂದಕ್ಕೆ ಇದನ್ನು ಅಳವಡಿಸಿ 1828ರ ಸುಮಾರಿಗೆ ಪೇಟೆಂಟ್ ಪಡೆದವನು ಫ್ರಾನ್ಸಿನ ಒನೆಸಿಫೋರ್ ಪೆಕರ್. ನಗಬೇಡಿ, ಅವನ ಹೆಸರೇ ಹಾಗೆ. ಮಹಾ ಬುದ್ಧಿವಂತ. ಈ ಕಥೆಯ ಪೆಕರ ಬೇರೆಯವನಿದ್ದಾನೆ, ಬರುತ್ತಾನೆ.

ಎಣ್ಣೆ ತರಲು ಕಶ್ಮೀರಿ ಗೇಟಿನ ಬಿಡಿಭಾಗಗಳ ಪೇಟೆಗೆ ಹೋದೆ. ಅಂಗಡಿಯವನು ‘ನಬ್ಬೇ ನಂಬರ್ ಯಾ ಏಕ್ ಸೌ ಚಾಲೀಸ್?’ ಎಂದ. ನಾನು ಸಂಬಳದ ಶ್ರೇಣಿ ಕೇಳುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಅವನೇ ತಿಳಿಸಿದ: ಸಾಮಾನ್ಯ ಓಡಾಟಕ್ಕೆ 80ಡಬ್ಲ್ಯೂ-90, ಭಾರ ಎಳೆದು ಡಿಫರೆನ್ಷಿಯಲ್ ಕಾಯುವ ಗಾಡಿಗೆ ಕೆಲವರು ಇನ್ನೂ ಮಂದವಾದ 85ಡಬ್ಲ್ಯೂ-140 ಕೇಳುತ್ತಾರೆ, ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಒಯ್ಯಿ. ಡಬ್ಬಿಯ ಮೇಲೆ ಜಿಎಲ್-5 ಎಂಬ ದರ್ಜೆ ಇರಲಿ ಎಂದೂ ಹೇಳಿದ. ಪುಸ್ತಕದಲ್ಲಿದ್ದದ್ದು ತೊಂಬತ್ತು. ಮುಚ್ಚಳ ತೆಗೆದು ಮೂಸಿದೆ. ಅಯ್ಯೋ, ಇಂಗು!

ಇದು ನನ್ನ ಮೂಗಿನ ಭ್ರಮೆಯಲ್ಲ. ಕ್ರೌನು, ಪಿನಿಯನ್ನು ಎಂಬ ಎರಡು ಹಲ್ಲುಗಾಲಿಗಳು ಡಿಫರೆನ್ಷಿಯಲಿನಲ್ಲಿ ಬರೀ ಉರುಳುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ. ಪಿನಿಯನ್ನನ್ನು ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂರಿಸುವ ಹೈಪಾಯ್ಡ್ ಪದ್ಧತಿ 1920ರ ದಶಕದಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಲ್ಲಿ ಬಂದಾಗಿನಿಂದ ಈ ಜಾರಾಟ ಜೋರು. ಆ ಒತ್ತಡಕ್ಕೆ ಮಾಮೂಲಿ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಅದಕ್ಕೇ ಗಂಧಕ ಸೇರಿಸುತ್ತಾರೆ. ಕಾವೇರಿದ ಕಡೆ ಅದು ಉಕ್ಕಿನ ಮೈಗೆ ತೆಳ್ಳನೆಯ ಪದರ ಕಟ್ಟಿ, ಹಲ್ಲಿನ ಬದಲು ತಾನು ಸವೆಯುತ್ತದೆ. ಇಂಗಿನ ನಾತವೂ ಗಂಧಕದ್ದೇ. ಕಶ್ಮೀರಿ ಗೇಟಿನಿಂದ ಒಂದೇ ಮೆಟ್ರೋ ನಿಲ್ದಾಣದಾಚೆ ಚಾಂದನಿ ಚೌಕ, ಅದರ ತುದಿಯಲ್ಲಿ ಖಾರಿ ಬಾವ್ಲಿ. ಮನೆಗೆ ವರ್ಷಕ್ಕಾಗುವ ಇಂಗು ನಾನು ತರುವುದು ಅಲ್ಲಿಂದಲೇ. ಗಾಡಿಗೂ ಸಾರಿಗೂ ಒಗ್ಗರಣೆ ಒಂದೇ ಎಂದು ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ಅಂದು ಮಾತ್ರ ಇಂಗು ತರುವುದು ಮರೆತೆ.

ಇನ್ನು ಕೆಲಸ. ಏಕಾದಶಿಯ ಬೆಳಿಗ್ಗೆ ಉಪವಾಸದಲ್ಲೇ ಇಳಿದೆ. ಎಣ್ಣೆ ಬೆಚ್ಚಗಿದ್ದರೆ ಪೂರ್ತಿ ಇಳಿಯುತ್ತದೆ ಎಂದು ಓದಿದ್ದರಿಂದ ಗಾಡಿಯನ್ನು ನಜಫ್‌ಗಢದ ಕಡೆ ಒಂದು ಸುತ್ತು ಓಡಿಸಿ ತಂದು ಸಮನೆಲದಲ್ಲಿ ನಿಲ್ಲಿಸಿದೆವು. ನಾನು ಅಂಗಾತ ಜಾರಿ ಅಡಿಗೆ ಹೋದೆ. ಹಿಂದಿನ ಗಾಲಿಗಳ ನಡುವೆ ಡಿಫರೆನ್ಷಿಯಲ್ ಕೂತಿರುವ ಕುಂಬಳಕಾಯಿಯಂಥ ಹೌಸಿಂಗು. ಕೆಳಗೊಂದು ಬಿರಡೆ, ಹೊಟ್ಟೆಯ ಮಟ್ಟದಲ್ಲಿ ಇನ್ನೊಂದು. ಕೆಳಗಿನದಕ್ಕೆ ಪಾನಾ ಹಾಕಿ ಒತ್ತಿದೆ. ಎಷ್ಟು ಸಲೀಸಾಗಿ ಬಿಚ್ಚಿತು! ಜೋನಿಬೆಲ್ಲದಂಥ ಕಪ್ಪು ಧಾರೆ ಬಕೆಟ್ಟಿಗೆ ಅರ್ಧ, ನನ್ನ ತೋಳಿಗೆ ಅರ್ಧ. ಬಿರಡೆಯ ಅಯಸ್ಕಾಂತಕ್ಕೆ ಬೆಳ್ಳಿಮಿಂಚಿನ ಕಾಡಿಗೆ ಅಂಟಿತ್ತು. ಅಂಥ ನುಣುಪು ಸವಕಲು ಸಹಜ, ಚೂರುಗಳು ಬಂದರೆ ಭಯಪಡಬೇಕು. ಚೂರಿರಲಿಲ್ಲ. ಒರೆಸಿ ಬಿಗಿದೆ. ಇನ್ನು ಮೇಲಿನ ಬಿರಡೆ ತೆಗೆದು ಹೊಸ ಎಣ್ಣೆ ತುಂಬುವುದಷ್ಟೇ.

ಮೇಲಿನ ಬಿರಡೆ ಬರಲಿಲ್ಲ.

ಒತ್ತಿದೆ, ಒದ್ದೆ, ಹನುಮಾನ್ ಚಾಲೀಸಾ ಬಲ್ಲ ಟೆಂಟ್‌ವಾಲಾನಿಂದ ಅದನ್ನೂ ಹೇಳಿಸಿದೆ. ಕಾರ್ಖಾನೆಯಿಂದ ಬಂದ ಮೇಲೆ ಯಾರೂ ಮುಟ್ಟಿರಲಿಲ್ಲವೋ ಏನೋ, ತುಕ್ಕು ಹಿಡಿದು ಹೌಸಿಂಗಿನ ಅಂಗವೇ ಆಗಿಬಿಟ್ಟಿತ್ತು. ಹಳೆ ಎಣ್ಣೆ ಬಕೆಟ್ಟಿನಲ್ಲಿ, ಹೊಸ ಎಣ್ಣೆ ಡಬ್ಬಿಯಲ್ಲಿ, ನಡುವೆ ಒಣಗಿದ ಗಾಡಿ. ಗಂಟೆ ಹನ್ನೊಂದೂವರೆ. ಸಂಜೆ ಏಳಕ್ಕೆ ಮದುಮಗ ಕುದುರೆ ಹತ್ತುತ್ತಾನೆ. ಕುಳಿತುಕೊಂಡೇ ಜಗತ್ತಿನ ಕಡತಗಳನ್ನೆಲ್ಲ ತಡೆಹಿಡಿದಿದ್ದ ನಾನು ಈಗ ಮಲಗಿಕೊಂಡು ಒಂದು ಮದುವೆಯನ್ನೇ ತಡೆಹಿಡಿದಿದ್ದೆ.

ಟೆಂಟ್‌ವಾಲಾ ಸ್ಕೂಟರಿನಲ್ಲಿ ಹೋಗಿ ಒಬ್ಬ ಮುದಿ ಉಸ್ತಾದನನ್ನು ಕರೆತಂದ. ಆತ ಬಗ್ಗಿ ನೋಡಿದ, ಬಕೆಟ್ಟು ನೋಡಿದ, ಕೊನೆಗೆ ನನ್ನನ್ನು ನೋಡಿದ. ‘ಬಾಬೂಜಿ, ಪೆಹಲೇ ಊಪರ್‌ವಾಲೇ ಕೋ ದೇಖತೇ ಹೈಂ, ಫಿರ್ ನೀಚೇವಾಲೇ ಕೋ’ ಎಂದ. ಮೊದಲು ಮೇಲಿನವನನ್ನು ನೋಡಬೇಕು, ಆಮೇಲೆ ಕೆಳಗಿನವನನ್ನು. ಅವನು ಹೇಳಿದ್ದು ಬಿರಡೆಯ ಬಗ್ಗೆಯೇ; ಏಕಾದಶಿಯ ದಿನ ಬೇರೆ ಏನೇನೋ ಕೇಳಿಸಿತು. ಮೇಲಿನದು ಬಿಚ್ಚುತ್ತದೆಂದು ಖಾತ್ರಿಯಾದ ಮೇಲಷ್ಟೇ ಕೆಳಗಿನದಕ್ಕೆ ಕೈಹಾಕಬೇಕು ಎಂಬುದು ಈ ಕಸುಬಿನ ಓಂ ನಾಮವಂತೆ. ಫ್ರಾನ್ಸಿನ ಪೆಕರನ ಕಥೆಗೆ ಅಂದು ದ್ವಾರಕಾದ ಪೆಕರ ಸೇರಿಕೊಂಡ.

ಉಸ್ತಾದ್ ಬಿರಡೆಯ ಸುತ್ತ ಡೀಸೆಲ್ ಸವರಿ ಚಹಾ ಕೇಳಿದ. ಚಹಾ ಚಿಕಿತ್ಸೆಯ ಭಾಗ, ಅದು ಇಳಿಯುವಷ್ಟರಲ್ಲಿ ಡೀಸೆಲೂ ಇಳಿಯಬೇಕು. ಇಳಿಯಲಿಲ್ಲ. ಇನ್ನೊಂದು ಚಹಾ. ಕಾಯುತ್ತ ಟೆಂಟ್‌ವಾಲಾ ತನ್ನ ದುಃಖ ತೆಗೆದ. ಗಾಡಿಗೆ ಎಂಟು ವರ್ಷ. ಹತ್ತು ತುಂಬಿದ ಡೀಸೆಲ್ ಗಾಡಿ ದೆಹಲಿ ಸುತ್ತಮುತ್ತ ಓಡಕೂಡದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಹೌದೆಂದಿತು. (2025ರ ಜುಲೈ 1ರಿಂದ ಅಂಥವಕ್ಕೆ ಬಂಕಿನಲ್ಲಿ ಇಂಧನವನ್ನೇ ಹಾಕಬಾರದೆಂದು ದೆಹಲಿಯಲ್ಲಿ ಹೊರಟದ್ದು ವಾರ ತುಂಬುವ ಮೊದಲೇ ನಿಂತುಹೋಯಿತು, ಅದು ಬೇರೆ ಪುರಾಣ.) ‘ಇನ್ನೆರಡು ವರ್ಷಕ್ಕೆ ಹೊರಗೆ ಹಾಕುವ ಗಾಡಿಗೆ ಎಣ್ಣೆ ಯಾಕೆ ಅಂತಾರೆ ಜನ’ ಎಂದ. ನನಗೆ ಚುರುಕ್ಕೆಂದಿತು. ನಿವೃತ್ತಿಗೆ ಎರಡು ವರ್ಷವಿದ್ದಾಗ ನನ್ನನ್ನು ತರಬೇತಿಗೆ ಕಳಿಸುವ ಪ್ರಸ್ತಾವದ ಮೇಲೂ ಯಾರೋ ಇಂಥದೇ ಷರಾ ಬರೆದಿದ್ದರು.

ಮೂರನೆಯ ಚಹಾದ ನಂತರ ಉಸ್ತಾದ್ ಸುತ್ತಿಗೆಯಿಂದ ಎರಡು ಹದವಾದ ಪೆಟ್ಟು ಕೊಟ್ಟು, ಪಾನಾದ ಹಿಡಿಗೆ ಮಾರುದ್ದದ ಕೊಳವೆ ತೂರಿಸಿ ತೂಗಿದ. ‘ಕಟ್’ ಎಂದಿತು. ಎಣ್ಣೆ ತುಂಬಿದೆವು, ಮೇಲಿನ ತೂತಿನಿಂದ ಹೊರಗೆ ಜಿನುಗತೊಡಗಿದರೆ ಸಾಕು, ಅಳತೆಗೋಲು ಬೇಡ. ಹೋಗುವ ಮುಂಚೆ ಆಕ್ಸಲಿನ ಮೇಲಿದ್ದ ಬೆರಳುದ್ದದ ಉಸಿರುಗೊಳವೆಯ ಮಣ್ಣನ್ನೂ ಕೆದಕಿದ. ಅದು ಕಟ್ಟಿಕೊಂಡರೆ ಕಾವಿಗೆ ಒಳಗಿನ ಗಾಳಿ ಹಿಗ್ಗಿ ಸೀಲಿನ ಸಂದಿಯಿಂದ ಎಣ್ಣೆ ತಳ್ಳುತ್ತದಂತೆ. ನನ್ನ ಬಕೆಟ್ಟನ್ನೂ ತಾನೇ ಒಯ್ದ.

ಸಂಜೆ ಮನಸ್ಸು ತಡೆಯದೆ ದಿಬ್ಬಣದ ಹಿಂದೆ ನಡೆದೆ, ಅದೇ ಬಟ್ಟೆಯಲ್ಲಿ. ಎಲ್ಲರ ಕಿವಿ ಬ್ಯಾಂಡಿನ ಕಡೆ, ನನ್ನದು ಆಕ್ಸಲಿನ ಕಡೆ. ಅಳು ಪೂರ್ತಿ ನಿಂತಿರಲಿಲ್ಲ, ಬಿಕ್ಕಳಿಕೆಯಷ್ಟಾಗಿತ್ತು. ಖುಷಿಗೆ ತಲೆ ಒಂದಿಷ್ಟು ಆಡಿತೇನೋ, ಮದುಮಗನ ಸೋದರಮಾವ ಬಂದು ನನ್ನ ತಲೆಗೆ ಹತ್ತು ರೂಪಾಯಿ ನೋಟು ನಿವಾಳಿಸಿ ನನ್ನ ಕೈಗೇ ತುರುಕಿ, ‘ಜನರೇಟರ್ ಬಂದ್ ಮತ್ ಹೋನೇ ದೇನಾ, ಭಾಯಿ’ ಎಂದ. ಜನರೇಟರ್ ನಿಲ್ಲದಂತೆ ನೋಡಿಕೋಪ್ಪಾ ಅಂತ. ಪಿಂಚಣಿ ಶುರುವಾದ ಮೇಲೆ ದುಡಿದ ಮೊದಲ ಹಣ.

ಮನೆಗೆ ಬಂದು ಹೆಮ್ಮೆಯಿಂದ ಹೆಂಡತಿಯ ಕೈಗಿತ್ತೆ. ಅವಳು ನೋಟನ್ನು ಮೂಗಿನ ಹತ್ತಿರ ಹಿಡಿದು, ‘ರೀ, ಖಾರಿ ಬಾವ್ಲಿಗೆ ಹೋಗಿದ್ರಾ? ಹಾಗಾದ್ರೆ ಇಂಗು ಎಲ್ಲಿ?’ ಅಂದಳು.