ಕ್ರೂಸ್‌ಗೆ ಬಿದ್ದ ಜೀಪ್ ಅಂಕಲ್

ಮೈಸೂರಿನ ಮೇಟಗಳ್ಳಿಯಲ್ಲಿ ಬೀದಿಗೊಬ್ಬರು ಜೀಪ್ ಅಂಕಲ್ ಸಿಗುತ್ತಾರೆ. ಅರವತ್ತರ ಆಸುಪಾಸು, ಕಾರ್ಖಾನೆ ಕೆಲಸದಿಂದ ನಿವೃತ್ತಿ, ಮಗಳು ಕೆಂಗೇರಿಯಲ್ಲಿ, ಮನೆ ಮುಂದೆ ಹಳೇ ಮಾದರಿಯ ಥಾರ್. ಅದನ್ನು ಯಾರಾದರೂ ‘ಕಾರು’ ಅಂದರೆ ಅವತ್ತು ಮಾತು ಬಂದ್. ಕಂಪನಿ ಕೊಟ್ಟ ಸುಮಾರು 29 ಇಂಚಿನ ಟೈರು ಕಿತ್ತು 33 ಇಂಚಿನದು ಹಾಕಿಸಿದ್ದಾರೆ. ಅದಕ್ಕಾಗಿ ಗಾಡಿ ಎತ್ತರಿಸಿದ್ದೇ ತಡ, ಮನೆಯಾಕೆ ಹತ್ತಲಾರದೆ ಹೋದರು. ಅಂದಿನಿಂದ ಹಿಂದಿನ ಸೀಟಿನಲ್ಲಿ ನೀಲಿ ಪ್ಲಾಸ್ಟಿಕ್ ಸ್ಟೂಲೊಂದು ಖಾಯಂ ಪ್ರಯಾಣಿಕ.

ವರ್ಷಕ್ಕೊಮ್ಮೆ ಸಕಲೇಶಪುರದ ಕೆಸರು, ಮಿಕ್ಕ ದಿನವೆಲ್ಲ ಹಾಲು, ಸೊಪ್ಪು. ಇಂಥ ಗಾಡಿಗೆ, ಪೆಡಲಿನ ಮೇಲೆ ಕಾಲಿಡದೆಯೇ ಒಂದೇ ವೇಗ ಕಾಯುವ ಕ್ರೂಸ್ ಕಂಟ್ರೋಲ್ ಯಾಕೆ?

ಕಾರಣ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಮಾರ್ಚ್‌ನಲ್ಲಿ ಅದರ ಉದ್ಘಾಟನೆಯಾದದ್ದೇ ಅಂಕಲ್ಲಿಗೆ ತಮ್ಮ ಗಾಡಿಯಲ್ಲಿ ಏನೋ ಕೊರತೆ ಕಾಣತೊಡಗಿತು. ಹೊಸ ಥಾರ್‌ನ ಮೇಲ್ದರ್ಜೆಯ ಮಾದರಿಗಳಲ್ಲಿ ಕ್ರೂಸ್ ಕಂಪನಿಯಿಂದಲೇ ಬರುತ್ತದೆ, ಎದುರು ಮನೆಯವರದು ಅಂಥದ್ದೇ. ಅಲ್ಲಿಂದ ಮುಂದೆ ಕಾಫಿಗೆ ಬಂದವರಿಗೆಲ್ಲ ರಾಲ್ಫ್ ಟೀಟರ್ ಕಥೆ. ಐದನೇ ವಯಸ್ಸಿನಲ್ಲಿ ಕಣ್ಣು ಕಳೆದುಕೊಂಡ ಅಮೆರಿಕದ ಇಂಜಿನಿಯರ್, ಮಾತಾಡುತ್ತಾ ಗಾಡಿಯನ್ನು ಎಳೆದೆಳೆದು ಓಡಿಸುತ್ತಿದ್ದ ತನ್ನ ವಕೀಲನ ಪಕ್ಕ ಕೂತು ಬೇಸತ್ತು ಇದನ್ನು ಕಂಡುಹಿಡಿದನಂತೆ. 1950ರಲ್ಲಿ ಪೇಟೆಂಟ್, 1958ರಲ್ಲಿ ಕ್ರೈಸ್ಲರ್ ಕಾರಿಗೆ ಬಂತು. “ಕಣ್ಣಿಲ್ಲದೋನು ಮಾಡಿದ್ದು ಕಣ್ಣಿರೋ ನನಗೆ ಬೇಡ್ವಾ?” ಈ ತರ್ಕಕ್ಕೆ ಉತ್ತರ ಕೊಡಬಲ್ಲವರು ಬೀದಿಯಲ್ಲಿ ಯಾರೂ ಇರಲಿಲ್ಲ.

ಬನ್ನಿಮಂಟಪದ ಕಡೆಯ ಒಂದು ಗ್ಯಾರೇಜಿನಲ್ಲಿ ಕೆಲಸ ಶುರುವಾಯಿತು. ಅಂಕಲ್ ಸ್ಟೂಲ್ ಇಳಿಸಿಕೊಂಡು ಪಕ್ಕದಲ್ಲೇ ಕೂತರು. ಕಾಮನ್ ರೈಲ್ ಡೀಸೆಲ್ ಇಂಜಿನ್ನಿನಲ್ಲಿ ಆಕ್ಸಲರೇಟರ್ ಕೇಬಲ್ ಎಂಬುದಿಲ್ಲ. ಕಾಲು ಎಷ್ಟು ಒತ್ತಿತೆಂಬುದನ್ನು ಪೆಡಲು ವೋಲ್ಟೇಜಿನಲ್ಲಿ ಹೇಳುತ್ತದೆ, ಇಂಜಿನ್ನಿನ ಕಂಪ್ಯೂಟರ್ ನಂಬುತ್ತದೆ. ಕ್ರೂಸ್ ಕಿಟ್ಟು ಇವೆರಡರ ನಡುವೆ ಕೂತು, ಇಲ್ಲದ ಕಾಲಿನ ಸುಳ್ಳು ಹೇಳುವ ಪೆಟ್ಟಿಗೆ. ಬ್ರೇಕ್ ಅಥವಾ ಕ್ಲಚ್ ಮುಟ್ಟಿದ ಕ್ಷಣ ಅದು ಬಾಯಿ ಮುಚ್ಚಬೇಕು.

“ಸಾರ್, ಬ್ರೇಕ್ ವೈರ್ ಸಿಕ್ತು. ಕ್ಲಚ್ಚಿಂದು ಆಮೇಲೆ ನೋಡೋಣ” ಎಂದ ವೈರಿಂಗ್ ಹುಡುಗ. ಅಂಕಲ್ಲಿಗೆ ತಾಳ್ಮೆಯಿಲ್ಲ, ರಿಂಗ್ ರಸ್ತೆಗೆ ಇಳಿಸಿಯೇಬಿಟ್ಟರು. ಕ್ರೂಸ್ ಹಾಕಿ, ಗೇರ್ ಬದಲಿಸಲು ಕ್ಲಚ್ ಒತ್ತಿದರು. ಭಾರ ತಪ್ಪಿದ ಇಂಜಿನ್ ‘ಗುಂಯ್’ ಎಂದು ಕಿರುಚಿತು. ಅಂಗಡಿಯವರೆಲ್ಲ ಈಚೆ ಬಂದು ನೋಡಿದರು. ಅಂಕಲ್, ಬೇಕೆಂದೇ ಮಾಡಿದವರ ಹಾಗೆ ತಲೆಯಾಡಿಸಿದರು.

ಕ್ಲಚ್ ವೈರೂ ಸಿಕ್ಕಿ, ಮಣಿಪಾಲ್ ಆಸ್ಪತ್ರೆ ಜಂಕ್ಷನ್ ದಾಟಿ ಎಕ್ಸ್‌ಪ್ರೆಸ್‌ವೇ ಹತ್ತಿದ ದಿನ ಮೀಟರಿನಲ್ಲಿ ಸರಿಯಾಗಿ 100ಕ್ಕೆ ಕ್ರೂಸ್ ನಿಲ್ಲಿಸಿದರು. ಅಲ್ಲಿನ ಮಿತಿಯೂ 100. ಕಾಲು ಮಡಚಿ, ಗಣಂಗೂರು ಟೋಲ್ ಬರುವವರೆಗೂ ಮಹಾರಾಜರ ಭಂಗಿ. ನಾಲ್ಕು ದಿನ ಕಳೆದ ಮೇಲೆ ಮೊಬೈಲಿಗೆ ಅತಿವೇಗದ ದಂಡ ಬಂತು.

ಮೇಟಗಳ್ಳಿ ಹೇಳಿಕೇಳಿ ಟೈರಿನ ಊರು. 1997ರಲ್ಲಿ ಜೆ.ಕೆ. ಕೈಸೇರಿದರೂ ಹಳಬರ ಬಾಯಲ್ಲಿ ಕಾರ್ಖಾನೆ ಇನ್ನೂ ವಿಕ್ರಾಂತೇ. ಅಲ್ಲಿ ದುಡಿದು ನಿವೃತ್ತರಾದ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದಲೇ ಲೆಕ್ಕ ಬಿಡಿಸಿದರು: ಮೀಟರಿಗೆ ಗೊತ್ತಿರುವುದು ಚಕ್ರದ ಸುತ್ತು ಮಾತ್ರ. 33ರ ಟೈರು ಒಂದು ಸುತ್ತಿಗೆ 29ರದಕ್ಕಿಂತ ಹೆಚ್ಚು ನೆಲ ನುಂಗುತ್ತದೆ. ಮೀಟರ್ 100 ಅಂದರೆ ಓಟ 114ರ ಹತ್ತಿರ.

“ರೀ, ಮಂಡಿನೋವು ಅಂತ ಡಾಕ್ಟರ ಹತ್ರ ಹೋಗಿದ್ರೆ ಇದಕ್ಕಿಂತ ಕಮ್ಮೀಲಿ ಆಗ್ತಿತ್ತು” ಎಂದರು ಮನೆಯಾಕೆ. ಹೀಗೆ ಗುಟ್ಟು ರಟ್ಟಾಯಿತು.

ಅಂಕಲ್ ಈಗ ಮೀಟರಿನಲ್ಲಿ 85ಕ್ಕೇ ಕ್ರೂಸ್ ಹಾಕುತ್ತಾರೆ. ಕೆಆರ್‌ಎಸ್ ರಸ್ತೆಯ ಕಡೆ ಎತ್ತರದ ಥಾರೊಂದು ನಿಂತು, ಬಾಗಿಲಿನಿಂದ ನೀಲಿ ಸ್ಟೂಲ್ ಕೆಳಗಿಳಿದರೆ, ಹಿಂದಿರುವವರು ದಯವಿಟ್ಟು ಹಾರ್ನ್ ಮಾಡಬೇಡಿ. ಯಜಮಾನಿ ಇಳಿಯುತ್ತಿದ್ದಾರೆ.