ಅಟ್ಟದಿಂದಿಳಿದ ಹರ್ಕ್ಯುಲಿಸ್

ವಿನೋಬನಗರದ ನಮ್ಮ ಮನೆಯ ಅಟ್ಟದಲ್ಲಿ ಬಹುಕಾಲ ಅಜ್ಞಾತವಾಸವನ್ನನುಭವಿಸಿದ್ದ ಪಿತ್ರಾರ್ಜಿತ ಹರ್ಕ್ಯುಲಿಸ್ ಸೈಕಲ್ಲಿನ ಉಕ್ಕಿನ ಚೌಕಟ್ಟಿಗೆ ಅಂಗಾಂಗಗಳನ್ನು ಜೋಡಿಸಿ, ಅದನ್ನು ಸಕಲಕಾರ್ಯಸಮರ್ಥ ವಾಹನವನ್ನಾಗಿಸಬೇಕೆಂಬ ದುರ್ಬುದ್ಧಿಯು ನಿವೃತ್ತಿಯ ಮರುದಿನವೇ ನನ್ನಲ್ಲಿ ಉದಿಸಿತು. 1923ರಲ್ಲೇ ಕಬ್ಬಿಣದ ಕುಲುಮೆ ಹೊತ್ತಿಸಿದ ಭದ್ರಾವತಿಯ ನೆರೆಯವನಿಗೆ ಇಷ್ಟಾದರೂ ಲೋಹಾಭಿಮಾನ ಬೇಡವೇ!

28 ಇಂಚಿನ ಚಕ್ರ, ರಾಡ್ ಬ್ರೇಕು, ಡೈನಮೋ, ಅಕ್ಕಿಮೂಟೆಗೆ ಕ್ಯಾರಿಯರು, ಮೊಮ್ಮಗಳಿಗೆ ಮುಂದೊಂದು ಪುಟ್ಟ ಸೀಟು. ಇವೆಲ್ಲ ಹೇಗೋ ಒದಗಿದವು. ಕಾಟರ್ ಪಿನ್ನಿಗಾಗಿ ಮಾತ್ರ ಗಾಂಧಿಬಜಾರನ್ನು ಮೂರು ಬಾರಿ ಪ್ರದಕ್ಷಿಣೆ ಮಾಡಿದೆನು. “ಈ ದುಡ್ಡಿಗೆ ಹೊಸಾದೇ ಬರ್ತದೆ ಸಾರ್” ಎಂಬ ಅಂಗಡಿಯವನ ಹಿತೋಪದೇಶವನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಹ್ಯಾಂಡಲಿನ ಕಪ್ಪಿಗೆ ಗ್ರೀಸು ಮೆತ್ತಿ ಬಾಲ್ಸುಗಳನ್ನು ಒಂದೊಂದಾಗಿ ಕೂರಿಸುತ್ತಿರಲು, ಒಂದು ಮಾಯವಾಯಿತು. ರಾತ್ರಿ ಪೊಂಗಲ್ಲಿನಲ್ಲಿ ಅದು ನನ್ನ ದವಡೆಗೇ ಸಿಕ್ಕಿತು.

“ಯಾಕ್ರೀ, ಮೆಣಸು ಬೆಂದಿಲ್ವಾ?” ಎಂದಳು ಗೃಹಿಣಿ.